ಒತ್ತಕ್ಷರಕ್ಕೊಂದಿಷ್ಟು ಜಾಗ

ಶಂಕರ ಕಾಕಾ,

‘ತೀರ್ಥರೂಪರಾದ’ ಅಂತ ಶುರು ಮಾಡಿದ್ದರೆ ನೀನು ನಕ್ಕು, ‘ಮದುವಿ ಕಾರ್ಡ್ ಜೋಡಸಾಕತ್ತೀ ಏನ ಸುಜೀ?’ ಅಂತಿದ್ದೆ. ಅದಕ್ಕೇ ಬರೀ ಕಾಕಾ. ನೀನು ಹೋಗಿ ಒಂಬತ್ತು ವರ್ಷವಾಯಿತು. ಇಷ್ಟು ದಿನ ಒಂದಕ್ಷರ ಬರೆಯದವಳಿಗೆ ಈಗೇನಾಯಿತು ಅಂತ ಕೇಳಬಹುದು. ಹೋದ ನಾಲ್ಕು ತಿಂಗಳಲ್ಲಿ ನಡೆದದ್ದನ್ನು ಪೂರ್ತಿ ಹೇಳಿಕೊಳ್ಳಬೇಕು ಅನಿಸಿತು. ಕಾಕುಗೆ ಹೇಳಿದರೆ ಮನೆಯ ಕಡೆಯ ಅರ್ಧ ತಿಳಿಯುತ್ತದೆ, ಜೊತೆಗೆ ಕೆಲಸ ಮಾಡಿದವರಿಗೆ ಹೇಳಿದರೆ ಕಂಪ್ಯೂಟರಿನ ಕಡೆಯ ಅರ್ಧ. ಎರಡೂ ಅರ್ಧ ತಿಳಿಯುವವನು ನೀನೊಬ್ಬನೇ ಇದ್ದೆ.

ದಾದರಿನ ಪ್ರೆಸ್ಸು ಮುಚ್ಚಿದ ದಿನ ನೀನು ಮಧ್ಯಾಹ್ನವೇ ಚೆಂಬೂರಿನ ಚಾಳಿಗೆ ಬಂದು ಚಪ್ಪಲಿ ಬಿಡದೆ ಬಾಗಿಲಲ್ಲಿ ನಿಂತಿದ್ದೆ. ಇಪ್ಪತ್ತಾರು ವರ್ಷ ಅಚ್ಚಿನ ಮೊಳೆ ಜೋಡಿಸಿದ ಕೈ. ಸಂಘದ ಪತ್ರಿಕೆ, ಲಗ್ನಪತ್ರಿಕೆ, ನಾಟಕದ ಹ್ಯಾಂಡ್‌ಬಿಲ್ಲು, ಮುಂಬಯಿಯ ಕನ್ನಡಿಗರಿಗೆ ಬೇಕಾದದ್ದೆಲ್ಲ ಆ ಕೈಯಿಂದಲೇ ಬಂದಿತ್ತು. ಆಗ ನಿನಗೆ ಐವತ್ತು. ನನಗೆ ಹದಿನೇಳು, ಹನ್ನೆರಡನೇ ಕ್ಲಾಸಿನ ಗಣಿತದಲ್ಲಿ ಫೇಲಾಗಿ ಮನೆಯಲ್ಲಿ ಕೂತಿದ್ದೆ. ಪಕ್ಕದ ಖೋಲಿಯಿಂದ ದಿನವೂ ನಮ್ಮಲ್ಲಿಗೆ ಬರುತ್ತಿದ್ದ ನೀನು ಒಂದು ವಾರ ಬರಲಿಲ್ಲ. ಎಂಟನೇ ದಿನ ಬಂದು, ‘ಸುಜೀ, ನಾಳೆಯಿಂದ ಕಂಪ್ಯೂಟರ್ ಕ್ಲಾಸಿಗೆ ಹೊಂಟೇನಿ. ಒಬ್ಬನ ಹೋಗಾಕ ನಾಚಿಕಿ ಬರ್ತೈತಿ. ನೀನೂ ಬಾ’ ಅಂದೆ.

ಅವತ್ತು ನಿನ್ನ ಹೆಂಡತಿ, ನನ್ನ ಕಾಕು, ರೊಟ್ಟಿ ಬಡಿಯುವ ಕೈ ನಿಲ್ಲಿಸಿ ನಿನ್ನನ್ನೇ ನೋಡಿದಳು. ‘ಐವತ್ತು ವರ್ಷಕ್ಕ ಪಾಟಿ ಹಿಡಕೊಂಡು ಹೋಗ್ತೀರೇನ್ರಿ? ಚಾಳಿನ ಮಂದಿ ಏನಂದಾರು?’

‘ಏನರ ಅನ್ನಲಿ. ನಾ ಅಕ್ಷರದ ಕೆಲಸದವ. ಅಕ್ಷರ ಎಲ್ಲಿ ಹೊಂಟಾವೋ ಅಲ್ಲಿಗೆ ನಾನೂ ಹೊಂಟೇನಿ.’

ಒಂದು ತಿಂಗಳು ಕಾಕು ನಿನ್ನನ್ನು ಕಳಿಸಲು ಬಾಗಿಲಿಗೆ ಬರಲಿಲ್ಲ, ನೆನಪಿದೆಯಾ? ಡಬ್ಬಿ ಮಾತ್ರ ಕಟ್ಟಿ ಇಟ್ಟಿರುತ್ತಿದ್ದಳು.

ಕ್ಲಾಸಿನ ಮೊದಲ ದಿನ ಮೇಷ್ಟ್ರು ನಿನ್ನನ್ನು ನನ್ನ ಅಪ್ಪ ಅಂದುಕೊಂಡು, ‘ಅಂಕಲ್, ಆಪ್ ಬಾಹರ್ ಬೈಠಿಯೇ,’ ನೀವು ಹೊರಗೆ ಕೂತಿರಿ ಅಂದರು. ‘ಮೈ ಭೀ ಸ್ಟುಡೆಂಟ್ ಹೂಂ,’ ನಾನೂ ವಿದ್ಯಾರ್ಥಿಯೇ ಅಂತ ನೀನು ಮುಂದಿನ ಬೆಂಚಿಗೇ ಹೋಗಿ ಕೂತೆ. ಇಡೀ ಕ್ಲಾಸು ನಕ್ಕಿತು. ಮೂರನೇ ದಿನ ನಗುವುದನ್ನು ನಿಲ್ಲಿಸಿದ್ದೂ ನಿನ್ನ ಪ್ರಶ್ನೆಯೇ. ಮೇಷ್ಟ್ರು ವೆಬ್ ಪುಟ ಬರೆಯುವುದನ್ನು ಹೇಳಿಕೊಡುತ್ತಿದ್ದರು. ಇದು ತಲೆಬರಹ, ಇದು ಪ್ಯಾರಾ, ಇದು ಪಟ್ಟಿ ಅಂತ ಗುರುತು ಹಾಕುವುದು. ಆಮೇಲೆ ಪ್ರತಿ ತಲೆಬರಹದ ಹತ್ತಿರವೂ ಅಲ್ಲಲ್ಲೇ ಬಣ್ಣ ಯಾವುದು, ಅಕ್ಷರದ ಗಾತ್ರ ಎಷ್ಟು ಅಂತ ತುರುಕುವುದು. ನೀನು ಕೈ ಎತ್ತಿದೆ. ಪ್ರೆಸ್ಸಿನಲ್ಲಿ ಲೇಖಕ ಬರೆದ ಪ್ರತಿ ಒಂದು, ಅದನ್ನು ಯಾವ ಅಕ್ಷರದಲ್ಲಿ ಎಷ್ಟು ಅಂತರ ಬಿಟ್ಟು ಜೋಡಿಸಬೇಕು ಅನ್ನುವ ಸೂಚನೆ ಇನ್ನೊಂದು. ಇಲ್ಲಿ ಎರಡನ್ನೂ ಯಾಕೆ ಕಲಸುತ್ತೀರಿ? ಮೇಷ್ಟ್ರು ಹೇಳಿದರು, ಅದಕ್ಕೊಂದು ಬೇರೆ ಭಾಷೆಯೇ ಬಂದಿದೆ, ಸಿಎಸ್ಎಸ್ ಅಂತ, ಆದರೆ ಬ್ರೌಸರುಗಳು ಅದರ ಮಾತನ್ನು ಸರಿಯಾಗಿ ಕೇಳುವುದಿಲ್ಲ, ನಮ್ಮ ಸಿಲಬಸ್ಸಿನಲ್ಲೂ ಇಲ್ಲ ಅಂತ.

ಸಿಲಬಸ್ಸಿನಲ್ಲಿ ಇಲ್ಲ ಅಂದದ್ದೇ ತಪ್ಪಾಯಿತು. ನೀನು ಫುಟ್‌ಪಾತಿನಲ್ಲಿ ಹಳೆಯ ಪುಸ್ತಕವೊಂದನ್ನು ಹುಡುಕಿ ತಂದು, ಡಿಕ್ಷನರಿ ಇಟ್ಟುಕೊಂಡು ಲೋಕಲ್ ರೈಲಿನಲ್ಲಿ ಓದಿದೆ. ಕುರ್ಲಾದಲ್ಲಿ ಗಾಡಿ ಬದಲಿಸುವಾಗಲೂ ಬೆರಳು ಪುಟದೊಳಗೇ. ಒಂದು ಸಂಜೆ ಚೆಂಬೂರು ಸ್ಟೇಷನ್ನಿನ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ ಹೇಳಿದ್ದೆ: ‘ಯಾರಿಗೆ, ಏನು, ಎಷ್ಟು. ಇಷ್ಟ ನೋಡು ಇಡೀ ಭಾಷೆ. ಯಾರಿಗೆ? ತಲೆಬರಹಕ್ಕ. ಏನು? ಬಣ್ಣ. ಎಷ್ಟು? ಕೆಂಪು. ಮುಗೀತು.’ ಗಣಿತಕ್ಕೆ ಹೆದರಿ ಕೂತಿದ್ದ ಹುಡುಗಿಗೆ ಆ ‘ಮುಗೀತು’ ಎಷ್ಟು ಧೈರ್ಯ ಕೊಟ್ಟಿತು ಅಂತ ನಿನಗೆ ಯಾವತ್ತಾದರೂ ಹೇಳಿದ್ದೆನಾ?

ಸ್ಟೀಲ್ ಪಾತ್ರೆ ಅಂಗಡಿಯ ವೆಬ್‌ಸೈಟು ನಮ್ಮಿಬ್ಬರ ಮೊದಲ ಕೆಲಸ. ನಲವತ್ತು ಪುಟ. ಮಾಲೀಕರಿಗೆ ಕೆಂಪು ತಲೆಬರಹ ಬೇಡವಾಗಿ ಹಸಿರು ಬೇಕಾಯಿತು. ನಾನು ಎರಡು ದಿನ ಕೂತು ಒಂದೊಂದೇ ಪುಟ ತೆರೆದು ಬದಲಿಸಿದೆ, ಆರು ಕಡೆ ಬಿಟ್ಟೇಬಿಟ್ಟಿದ್ದೆ. ನೀನು ಬಯ್ಯಲಿಲ್ಲ. ಅಷ್ಟೂ ಬಣ್ಣ, ಗಾತ್ರ, ಅಂತರಗಳನ್ನು ಪುಟಗಳಿಂದ ಕಿತ್ತು ಒಂದೇ ಹಾಳೆಗೆ ಸೇರಿಸಿ, ಪ್ರತಿ ಪುಟಕ್ಕೂ ಆ ಹಾಳೆಯ ವಿಳಾಸ ಹೇಳಿದೆ. ಮುಂದಿನ ವಾರ ಅವರಿಗೆ ನೀಲಿ ಬೇಕಾಯಿತು. ನೀನು ಒಂದು ಪದ ಬದಲಿಸಿದೆ. ನಾನು ಪುಟ ಪುಟ ತೆರೆಯುತ್ತಾ ಹೋದೆ. ನೀಲಿ, ನೀಲಿ, ಮತ್ತೆ ನೀಲಿ. ‘ಸುಜೀ, ನಲವತ್ತೂ!’ ಅಂತ ಕುರ್ಚಿ ಬಿಟ್ಟು ಎದ್ದ ನಿನ್ನ ಮುಖ... ಪ್ರೆಸ್ಸು ಮುಚ್ಚಿದ ಮೇಲೆ ಆ ಮುಖವನ್ನು ನಾನು ನೋಡಿರಲೇ ಇಲ್ಲ.

ಬೊರಿವಲಿಯಲ್ಲಿ ಫ್ಲ್ಯಾಟ್ ನೋಡಲು ಹೋದ ಭಾನುವಾರ ಕಾಕು ಬಿಲ್ಡರಿನ ಮನುಷ್ಯನ ಎದುರೇ ಮೊಳ ಹಾಕಿ ಖೋಲಿ ಅಳೆದಳು. ‘ಹೇಳಿದ್ದು ಒಂದು, ಇರೂದು ಒಂದು. ಉಳಿದ ಜಾಗ ಎಲ್ಲಿ ಹೋತು?’ ಗೋಡೆಯನ್ನೂ ಸೇರಿಸಿ ಲೆಕ್ಕ ಹಾಕಿದ್ದೇವೆ ಅಂತ ಅವನು ಹೇಳಿದ್ದೇ ತಡ, ನೀನು ಗಟ್ಟಿಯಾಗಿ ನಗಲು ಶುರು ಮಾಡಿದೆ. ವಾಪಸ್ ಬರುವ ಗಾಡಿಯಲ್ಲಿ ನನಗೆ ವಿವರಿಸಿದ್ದೇ ವಿವರಿಸಿದ್ದು. ಪುಟದ ಮೇಲಿನ ಪ್ರತಿಯೊಂದೂ ಒಂದು ಖೋಲಿ. ನಡುವೆ ಸಾಮಾನು. ಸಾಮಾನಿಗೂ ಗೋಡೆಗೂ ನಡುವಿನ ಜಾಗ ಪ್ಯಾಡಿಂಗು. ಗೋಡೆ ಅಂದರೆ ಬಾರ್ಡರು. ಪಕ್ಕದ ಬಿಲ್ಡಿಂಗಿಗೂ ನಮಗೂ ನಡುವೆ ಬಿಡುವುದು ಮಾರ್ಜಿನ್ನು. ‘ಒಂದು ಬ್ರೌಸರು ಗೋಡಿ ಹಿಡದು ಅಳೀತೈತಿ, ಇನ್ನೊಂದು ಸಾಮಾನಿನ ಜಾಗ ಅಷ್ಟ ಅಳೀತೈತಿ. ಅದಕ್ಕ ನಮ್ಮ ಪುಟ ಒಂದರಾಗ ಚಂದ, ಇನ್ನೊಂದರಾಗ ಒಡದು ಹೋಗೂದು!’ ಕಿಟಕಿಯ ಹತ್ತಿರ ಕೂತಿದ್ದ ಕಾಕು, ‘ನಿಮ್ಮ ಬ್ರೌಸರಿಗೆ ಬೆಂಕಿ ಹಾಕ, ಮನೀ ಮಾತು ಮಾತಾಡ್ರಿ’ ಅಂದಳು. ಫ್ಲ್ಯಾಟ್ ಕೊಳ್ಳಲಾಗಲಿಲ್ಲ. ಆದರೆ ಇವತ್ತಿಗೂ ಯಾರಿಗಾದರೂ ಇದನ್ನು ಕಲಿಸುವಾಗ ನಾನು ಬೊರಿವಲಿಯ ಆ ಖೋಲಿಯಿಂದಲೇ ಶುರು ಮಾಡುತ್ತೇನೆ.

ಒಂದು ದಿನ ಅವಸರದಲ್ಲಿ ನಾನು ಸಾಲು ಸಾಲಿಗೂ ‘ಇಂಪಾರ್ಟೆಂಟ್’ ಅಂತ ಹಾಕಿಟ್ಟಿದ್ದೆ. ಆ ಗುರುತು ಬಿದ್ದ ನಿಯಮ ಬೇರೆ ನಿಯಮಗಳನ್ನು ತಳ್ಳಿ ಗೆಲ್ಲುತ್ತದೆ. ನೀನು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಈ ಭಾಷೆಯಲ್ಲಿ ಮೂವರ ಮಾತು ನಡೆಯುತ್ತದೆ ಅಂದೆ. ಬ್ರೌಸರು ತನ್ನ ರೂಢಿಯಂತೆ ಒಂದು ಹೇಳುತ್ತದೆ, ಪುಟ ಮಾಡಿದವರು ಒಂದು ಹೇಳುತ್ತಾರೆ, ಓದುವವರಿಗೂ ತಮ್ಮ ಕಣ್ಣಿಗೆ ತಕ್ಕಂತೆ ಹೇಳುವ ಹಕ್ಕಿದೆ. ಮೇಲಿಂದ ಇಳಿಯುತ್ತ ಬರುವ ಈ ಮಾತುಗಳಲ್ಲಿ ಯಾವುದು ನಿಲ್ಲಬೇಕು ಅನ್ನುವುದಕ್ಕೆ ಒಂದು ಕ್ರಮವಿದೆ, ಸಿಎಸ್ಎಸ್ ಅನ್ನುವ ಹೆಸರಿನ ಮೊದಲ ಪದ ‘ಕ್ಯಾಸ್ಕೇಡಿಂಗ್’ ಅದರಿಂದಲೇ ಬಂದದ್ದು. ‘ನೀ ಎಲ್ಲಾ ಕಡೆ ಒದರಿದ್ರ ಓದಾವ್ರ ಮಾತು ಯಾರು ಕೇಳಬೇಕ?’ ಆಗ ನನಗೆ ಪೂರ್ತಿ ತಿಳಿಯಲಿಲ್ಲ ಕಾಕಾ. ತಿಳಿಯಲು ಈ ವರ್ಷವೇ ಬರಬೇಕಾಯಿತು.

ಅಂಧೇರಿಯ ಆಫೀಸಿಗೆ ನೀನು ಬಂದ ಮಧ್ಯಾಹ್ನದ ಬಗ್ಗೆ ನಾನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ನನಗೆ ಅಲ್ಲಿ ದೊಡ್ಡ ಕಂಪನಿಯ ಕೆಲಸ ಸಿಕ್ಕು ಎರಡು ವರ್ಷವಾಗಿತ್ತು. ನೀನು ಯಾವುದೋ ಪುಟ ಒಂದು ಫೋನಿನಲ್ಲಿ ಸರಿ ಕಾಣುತ್ತಿಲ್ಲ ಅಂತ ಪ್ರಿಂಟ್ ತೆಗೆದುಕೊಂಡು, ಧೋತರ ಉಟ್ಟು, ರಿಸೆಪ್ಷನ್ನಿನಲ್ಲಿ ನಿಂತಿದ್ದೆ. ನನ್ನ ಜೊತೆಗಿದ್ದವರು, ಇವರು ಯಾರು ಅಂತ ಕೇಳಿದರು. ನಾನು ‘ಹಮಾರೇ ಗಾಂವ್ ಕೇ ಹೈಂ’ ಅಂದೆ. ನಮ್ಮ ಊರಿನವರು. ಅಷ್ಟೇ. ನೀನು ಕೇಳಿಸಿಕೊಂಡೆ. ನೀರು ಕುಡಿದು ಲೋಟ ಮೇಜಿನ ಮೇಲಿಟ್ಟು, ‘ಚಲತಾ ಹೂಂ ಬೇಟಾ,’ ಬರುತ್ತೇನೆ ಮಗಳೇ ಅಂತ ಹೊರಟೆ. ನೀನು ನನ್ನ ಜೊತೆ ಹಿಂದಿ ಆಡಿದ್ದು ಅದೊಂದೇ ಸಲ. ಆಮೇಲೆ ಒಂದು ದಿನವಾದರೂ ಆ ಮಾತು ಎತ್ತಿದೆಯಾ? ಎತ್ತಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆನೋ ಏನೋ. ಕ್ಷಮಿಸು ಅಂತ ಬಾಯಿಬಿಟ್ಟು ಹೇಳಬೇಕು ಅಂದುಕೊಂಡೇ ಇದ್ದೆ, ಅಷ್ಟರಲ್ಲಿ ಆ ಬೆಳಿಗ್ಗೆ ಚಹಾದ ಕಪ್ಪು ಕೈಯಲ್ಲಿರುವಾಗಲೇ ನೀನು...

ಈಗ ಈ ವರ್ಷದ್ದು ಹೇಳುತ್ತೇನೆ. ಸಂಕ್ರಾಂತಿಯ ಮರುವಾರ ಆಫೀಸಿನಲ್ಲಿ ನಮ್ಮ ಗುಂಪಿನ ಏಳು ಜನರನ್ನು ಒಳಗೆ ಕರೆದರು. ಬೇಕಾದ್ದನ್ನು ಮಾತಿನಲ್ಲಿ ಹೇಳಿದರೆ ಪುಟವನ್ನೂ ಅದರ ಅಲಂಕಾರವನ್ನೂ ತಾನೇ ಬರೆದುಕೊಡುವ ಯಂತ್ರ ಬಂದಿದೆ ಕಾಕಾ. ಹುಡುಗಾಟವಲ್ಲ, ಚೆನ್ನಾಗಿಯೇ ಬರೆಯುತ್ತದೆ. ನಮ್ಮಷ್ಟು ಜನ ಇನ್ನು ಬೇಡ ಅಂದರು. ನಲವತ್ತೊಂದನೇ ವಯಸ್ಸಿಗೆ ನಾನು ಹಗಲು ಹನ್ನೆರಡಕ್ಕೆ ಚೆಂಬೂರು ಸ್ಟೇಷನ್ನಿನಲ್ಲಿ ಇಳಿದೆ. ನೀನು ಚಪ್ಪಲಿ ಬಿಡದೆ ಬಾಗಿಲಲ್ಲಿ ಯಾಕೆ ನಿಂತಿದ್ದೆ ಅಂತ ಆಗ ಗೊತ್ತಾಯಿತು.

ಮೂರು ವಾರದ ನಂತರ ಕಾಕುಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಆಸ್ಪತ್ರೆಯವರು, ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು ಅನ್ನುವ ಪುಟದ ಕೊಂಡಿಯನ್ನು ಅವಳ ಫೋನಿಗೇ ಕಳಿಸಿದ್ದರು. ಐದು ಭಾಷೆಯಲ್ಲಿತ್ತು, ಕನ್ನಡದಲ್ಲೂ. ‘ನಾನ ಓದಕೋತೀನಿ’ ಅಂತ ಕಾಕು ಹಟ ಹಿಡಿದಳು. ಮೂರನೇ ದಿನ ತಲೆಗೆ ನೀರು ಹಾಕಿಕೊಂಡು ಬಂದಳು. ಸಂಜೆಗೆ ಕಣ್ಣು ಕೆಂಡದ ಹಾಗೆ. ಡಾಕ್ಟರು, ‘ಬರೆದುಕೊಟ್ಟಿದ್ದೇವಲ್ಲ ಅಜ್ಜಿ, ಓದಲಿಲ್ಲವಾ?’ ಅಂತ ಗದರಿದರು. ಕಾಕುಗೆ ಅವಮಾನವಾಯಿತು. ‘ಬರದಂಗ ಮಾಡೇನ್ರಿ ಸಾಹೇಬ್ರ’ ಅಂದಳು.

ಮನೆಗೆ ಬಂದು ಅವಳ ಫೋನು ತೆಗೆದು ನೋಡಿದೆ. ‘ಒಂದು ವಾರ ತಲೆಯ ಮೇಲೆ ನೀರು ಹಾಕಿಕೊಂಡು ಸ್ನಾನ’ ಅಂತ ಇತ್ತು. ಅಲ್ಲಿಗೆ ಆ ಸೂಚನೆಯ ಸುತ್ತಲಿನ ಪೆಟ್ಟಿಗೆ ಮುಗಿದಿತ್ತು. ‘ಮಾಡಬಾರದು’ ಅನ್ನುವುದು ಮುಂದಿನ ಸಾಲಿಗೆ ಇಳಿದು ಪೆಟ್ಟಿಗೆಯ ಕೆಳಗೆ ಮುಚ್ಚಿಹೋಗಿತ್ತು. ಇಂಗ್ಲಿಷಿನಲ್ಲಿ ‘ಬೇಡ’ ಅನ್ನುವುದು ಮೊದಲೇ ಬರುತ್ತದೆ. ನಮ್ಮಲ್ಲಿ ಅದು ಕೊನೆಗೆ ಬರುವುದಲ್ಲವಾ? ಪುಟ ಮಾಡಿದವರು ಪೆಟ್ಟಿಗೆಗೆ ಇಷ್ಟೇ ಎತ್ತರ ಅಂತ ಕಟ್ಟಿಹಾಕಿ, ಮಿಕ್ಕಿದ್ದು ಕಾಣಬಾರದು ಅಂತ ಬರೆದಿದ್ದರು. ಕಾಕು ತನ್ನ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿದ್ದಳು. ಓದುವವಳು ಕೇಳಿದ್ದೇ ಅಷ್ಟು, ಅದಕ್ಕೆ ಆ ಪುಟದಲ್ಲಿ ಜಾಗವಿರಲಿಲ್ಲ.

ಹಸಿರು ಬಟ್ಟೆ ಕಟ್ಟಿಕೊಂಡ ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನಿಂದ ಕಾಕು ಫೋನು ನೋಡಿ ಹೇಳಿದಳು: ‘ಆವತ್ತ ಅನಿಸಿತ್ತು ನನಗ. ಅಕ್ಷರದ ಕಾಲು ಕತ್ತರಿಸ್ಯಾರ ನೋಡು. ನಿಮ್ಮ ಕಾಕಾ ಇದ್ದಿದ್ರ ಪ್ರೂಫಿನಾಗ ಇದನ್ನ ಬಿಡ್ತಿದ್ದಿಲ್ಲ.’ ನಿಜ. ‘ಕಣ್ಣು’ ಹೋಗಿ ‘ಕಣು’ ಆಗಿತ್ತು, ‘ಮುಟ್ಟ’ ಹೋಗಿ ‘ಮುಟ’. ಸಾಲಿನ ಎತ್ತರ ಇಂಗ್ಲಿಷಿಗೆ ಸಾಕಾಗುವಷ್ಟೇ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ ಅಂತ ಯಾರಿಗೂ ಹೊಳೆದಿರಲಿಲ್ಲ.

ಎರಡು ಇಮೇಲ್ ಬರೆದೆ, ಉತ್ತರ ಬರಲಿಲ್ಲ. ಮೂರನೇ ಸಲ ನಾನೇ ಹೋದೆ. ಆಸ್ಪತ್ರೆಯ ವೆಬ್‌ಸೈಟಿನ ಪೂರ್ತಿ ಹೊರೆ ಸಾಯಲಿ ಎಂಬ ಹೆಸರಿನ ಒಬ್ಬಳೇ ಮರಾಠಿ ಹುಡುಗಿಯ ಮೇಲಿತ್ತು. ಮುಖ ಎತ್ತದೆಯೇ ಹಿಂದಿಯಲ್ಲಿ ಹೇಳಿದಳು, ಪುಟ ಮಾಡಿದ್ದು ಟೂಲ್, ಅದೇ ಆ ಬರೆಯುವ ಯಂತ್ರ, ನಾನು ಇಂಗ್ಲಿಷಿನಲ್ಲಿ ಚೆಕ್ ಮಾಡಿದೆ, ‘ಔರ್ ಕನ್ನಡಾ ಯಹಾಂ ಕೌನ್ ಪಢತಾ ಹೈ, ಮ್ಯಾಡಮ್?’ ಇಲ್ಲಿ ಕನ್ನಡ ಓದುವವರು ಯಾರಿದ್ದಾರೆ ಅಂತ.

ನನಗೆ ಬಂದ ಸಿಟ್ಟು ನೀನು ನೋಡಬೇಕಿತ್ತು. ಆದರೆ ಒದರಲಿಲ್ಲ. ಕಾಕುವಿನ ಫೋನು ಅವಳ ಮುಂದಿಟ್ಟು, ಅದೇ ಪುಟವನ್ನು ಮರಾಠಿಗೆ ಬದಲಿಸಿದೆ. ‘ವಾಚ್ ನಾ,’ ಓದು ಅಂದೆ. ಅವಳು ಓದಿದಳು. ಒಂದು ವಾರ ತಲೆಯ ಮೇಲಿಂದ ಸ್ನಾನ... ‘ನಕಾ’ ಎಲ್ಲಿ? ಬೇಡ ಅನ್ನುವ ಆ ಮರಾಠಿ ಪದವೂ ಪೆಟ್ಟಿಗೆಯ ಕೆಳಗೇ ಹೂತಿತ್ತು. ಸಾಯಲಿ ಕುರ್ಚಿ ಹಿಂದಕ್ಕೆ ತಳ್ಳಿದಳು. ‘ಮಾಝೀ ಆಯೀ ಪಣ್ ಅಸಂಚ್ ಮೋಠಂ ಕರೂನ್ ವಾಚತೇ,’ ನನ್ನ ಅಮ್ಮನೂ ಹೀಗೇ ದೊಡ್ಡದು ಮಾಡಿಕೊಂಡು ಓದುತ್ತಾಳೆ ಅಂದಳು. ಆಮೇಲೆ ಮೆಲ್ಲಗೆ, ಮರಾಠಿಯಲ್ಲಿ ಅಕ್ಕನನ್ನು ಕರೆಯುವ ಹಾಗೆ, ‘ಸುಜಾತಾತಾಯಿ, ಇದನ್ನ ಹ್ಯಾಗೆ ಸರಿ ಮಾಡೋದು?’ ಅಂತ ಕೇಳಿದಳು.

ಇಬ್ಬರೂ ಒಂದೇ ಕಂಪ್ಯೂಟರಿನ ಮುಂದೆ ಕೂತೆವು. ಪೆಟ್ಟಿಗೆಗೆ ಕಟ್ಟಿಹಾಕಿದ್ದ ಎತ್ತರ ತೆಗೆದು, ಕಡಿಮೆಯೆಂದರೆ ಇಷ್ಟಿರು, ಬೇಕಾದಷ್ಟು ಬೆಳೆ ಅಂತ ಬರೆದೆವು. ಕನ್ನಡ ಪುಟಕ್ಕೆ ಇಂಗ್ಲಿಷ್ ಅಂತ ಗುರುತು ಬಿದ್ದಿತ್ತು, ಅದನ್ನು ತಿದ್ದಿದೆವು. ಭಾಷೆ ಕನ್ನಡವಾಗಿದ್ದರೆ ಸಾಲುಗಳ ನಡುವೆ ಇಷ್ಟು ಹೆಚ್ಚು ಜಾಗ ಬಿಡು ಅನ್ನುವ ಒಂದು ನಿಯಮ. ಯಾರಿಗೆ, ಏನು, ಎಷ್ಟು. ‘ಕಣ್ಣು’ ತನ್ನ ಒತ್ತಿನ ಸಮೇತ ಎದ್ದು ಕೂತಿತು. ‘ಮಾಡಬಾರದು’ ಕೆಳಗಿಂದ ಮೇಲಕ್ಕೆ ಬಂತು. ತೆಲುಗಿಗೂ ಅದೇ ಮಾಡಿದೆವು. ಕೊನೆಗೆ ಸಾಯಲಿ ಕೇಳಿದಳು, ‘ಯಾವ ಕಾಲೇಜಿನಲ್ಲಿ ಕಲಿತಿರಿ?’

‘ಮೇರೇ ಕಾಕಾ ನೇ ಸಿಖಾಯಾ,’ ನನ್ನ ಕಾಕಾನೇ ಕಲಿಸಿದ್ದು ಅಂದೆ. ‘ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದರು. ಅವರೇ ನನ್ನ ಗುರು.’ ಅಂಧೇರಿಯಲ್ಲಿ ಹೇಳಬೇಕಾಗಿದ್ದ ಮಾತು ಇಷ್ಟು ವರ್ಷ ತಡವಾಗಿ ಬಾಯಿಂದ ಬಂತು ಕಾಕಾ. ನಿನಗೆ ಕೇಳಿಸಿತಾ?

ಹೋದ ತಿಂಗಳು ಆಸ್ಪತ್ರೆಯವರು ಕರೆದು, ಎಲ್ಲ ಭಾಷೆಯ ಪುಟಗಳನ್ನೂ ನೀವೇ ನೋಡಿಕೊಳ್ಳಿ ಅಂದರು. ಇನ್ನೆರಡು ಆಸ್ಪತ್ರೆಗಳಿಂದಲೂ ವಿಚಾರಿಸಿದ್ದಾರೆ. ಯಂತ್ರ ಬರೆಯಲಿ, ನಾನೂ ಅದರಿಂದ ಬರೆಸುತ್ತೇನೆ. ಆದರೆ ಓದುವವರ ಫೋನು ಹಿಡಿದು, ಅವರ ಭಾಷೆಯಲ್ಲಿ ಕೊನೆಯ ಪದದವರೆಗೂ ಓದಿ ನೋಡುವ ಕೆಲಸ ಹಾಗೇ ಉಳಿದಿದೆ, ಅದು ನನಗೆ ಬರುತ್ತದೆ. ನೀನಿಲ್ಲದಾಗ ಭಾಷೆಯೂ ಬಹಳ ಬೆಳೆಯಿತು. ಒಂದು ಪೆಟ್ಟಿಗೆಯನ್ನು ಮೇಲಿಂದ ಕೆಳಕ್ಕೆ ಸರಿಯಾಗಿ ನಡುವೆ ಕೂರಿಸಲು ನೀನು ಮೂರು ದಿನ ಒದ್ದಾಡಿದ್ದೆಯಲ್ಲ, ಈಗ ಅದಕ್ಕೆ ಒಂದೇ ಸಾಲು ಸಾಕು. ಪುಟವನ್ನು ಅಡ್ಡ ಸಾಲು, ಉದ್ದ ಸಾಲು ಹಾಕಿ ಚೌಕ ಚೌಕವಾಗಿ ಹಂಚುವ ವಿದ್ಯೆಯೂ ಬಂದಿದೆ. ನಿನ್ನ ಕೈಗೆ ಸಿಕ್ಕಿದ್ದರೆ ನೀನು ಊಟಕ್ಕೂ ಏಳುತ್ತಿರಲಿಲ್ಲ.

ಕಾಕುವಿನ ಕಣ್ಣು ಈಗ ಚೆನ್ನಾಗಿದೆ. ಸ್ಟೇಷನ್ನಿನ ಇಂಡಿಕೇಟರನ್ನು ದೂರದಿಂದಲೇ ಓದುತ್ತಾಳೆ. ಮೊನ್ನೆ ಭಾನುವಾರ ಬೆಳಿಗ್ಗೆ ಬಂದು, ‘ನನ್ನ ರೊಟ್ಟಿ, ಶೇಂಗಾ ಚಟ್ನಿಗೂ ಒಂದು ಪುಟ ಮಾಡಿಕೊಡವಾ. ಮಂದಿ ಫೋನಿನಾಗ ಕೇಳ್ತಾರ’ ಅಂದಳು. ನೀನು ಹೋದ ಮೇಲೆ ಚಾಳಿನ ನಾಲ್ಕು ಹೆಂಗಸರನ್ನು ಸೇರಿಸಿಕೊಂಡು ಅವಳು ರೊಟ್ಟಿ ಮಾಡಿ ಮಾರುವ ಕೆಲಸ ಬೆಳೆಸಿದ್ದೂ ನಿನಗೆ ಗೊತ್ತಿಲ್ಲ. ಲ್ಯಾಪ್‌ಟಾಪ್ ತೆಗೆದು ಕೂತೆವು. ಎಲ್ಲಕ್ಕಿಂತ ಮೇಲೆ ದೊಡ್ಡ ಅಕ್ಷರದಲ್ಲಿ ಏನು ಹಾಕೋಣ ಅಂತ ಕೇಳಿದೆ. ‘ಶಂಕರ ರೊಟ್ಟಿ ಕೇಂದ್ರ ಅನ್ನೂಣೇನು ಕಾಕು?’ ಅವಳಿಗೆ ಖುಷಿಯಾಗುತ್ತದೆ ಅಂದುಕೊಂಡಿದ್ದೆ.

ಅವಳು ಸೆರಗಿನಿಂದ ಚಷ್ಮಾ ಒರೆಸಿಕೊಂಡಳು. ‘ಬ್ಯಾಡ. ಅವರ ಹೆಸರು ಅವರ ಕೆಲಸಕ್ಕಿರಲಿ. ಇದು ನನ್ನ ಕೈಯಿಂದು. ನನ್ನ ಹೆಸರ ಬರಿ.’

ನೀನು ಅವಳನ್ನು ಯಾವಾಗಲೂ ‘ಏ, ಇವಳ’ ಅಂತಲೇ ಕರೆದೆ, ನಾವೆಲ್ಲ ಕಾಕು ಅಂದೆವು. ನಾನು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದೆ. ಒಂದೊಂದೇ ಬೆರಳಿನಿಂದ ಹುಡುಕಿ ಹುಡುಕಿ ಒತ್ತಿ ಬರೆದಳು: ಮಲ್ಲವ್ವ. ಆಮೇಲೆ ಹಿಂದಕ್ಕೆ ಸರಿದು ನೋಡಿ, ‘ಸಣ್ಣದಾತು’ ಅಂದಳು. ಗಾತ್ರದ ಸಂಖ್ಯೆ ಎಲ್ಲಿದೆ ಅಂತ ತೋರಿಸಿದೆ. ಮೂವತ್ತೆರಡನ್ನು ಅಳಿಸಿ ಅವಳೇ ಅರವತ್ತನಾಲ್ಕು ಮಾಡಿದಳು. ಹೆಸರು ಈ ತುದಿಯಿಂದ ಆ ತುದಿಯವರೆಗೆ ತುಂಬಿಕೊಂಡಿತು. ಕಾಕು ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು:

‘ಇನ್ನೂ ದೊಡ್ಡದು ಮಾಡಾಕ ಬರ್ತೈತೇನ?’

ಬರ್ತೈತಿ ಅಂದೆ, ಕಾಕಾ.

ನಿನ್ನ
ಸುಜೀ